ಮಾರ್ಟಿನ್: ಯುದ್ಧದ ಹೆಸರು, ಪ್ರೀತಿಯ ಬದುಕು



ಕೂಸನ್ನು ಎತ್ತಿಕೊಂಡು ದೀಕ್ಷಾಸ್ನಾನಕ್ಕೆ ಬಂದವರನ್ನು ಗುರುಗಳು ದೇವಾಲಯದ ಬಾಗಿಲಲ್ಲೇ ಎದುರುಗೊಳ್ಳುತ್ತಾರೆ. ಅವರು ಮೊದಲು ಕೇಳುವುದು ಮಗುವಿನ ಕುಲವನ್ನಲ್ಲ, ಮನೆತನವನ್ನಲ್ಲ, ಹೆಸರನ್ನು. ತಂದೆತಾಯಿ ಗಟ್ಟಿಯಾಗಿ ಒಂದು ಹೆಸರು ಹೇಳುತ್ತಾರೆ. ಆದರೆ ಆ ಹೆಸರು ಬಾಗಿಲವರೆಗೆ ಬರುವಷ್ಟರಲ್ಲಿ ಮನೆಯಲ್ಲಿ ಒಂದು ಸಣ್ಣ ಯುದ್ಧವೇ ನಡೆದುಹೋಗಿರುತ್ತದೆ! ಅಜ್ಜಿಗೆ ಸಂತರ ಹೆಸರೇ ಆಗಬೇಕು. ಸೊಸೆಗೆ ಅಚ್ಚ ಕನ್ನಡದ ಹೆಸರು ಇಷ್ಟ. ಮಗನಿಗೆ ಊರಲ್ಲಿ ಯಾರಿಗೂ ಇರದ ಹೊಸ ಹೆಸರು ಬೇಕು. ಕೊನೆಗೆ ದೇವಾಲಯದ ದಾಖಲೆಗೆ ಒಂದು, ಶಾಲೆಗೆ ಒಂದು, ಮನೆಯಲ್ಲಿ ಕರೆಯಲು ಒಂದು ಎಂದು ಮೂರು ಹೆಸರುಗಳಲ್ಲಿ ರಾಜಿಯಾಗುತ್ತದೆ.

ಇಷ್ಟೆಲ್ಲ ಹೋರಾಡಿ ಇಟ್ಟ ಹೆಸರನ್ನು ಆಮೇಲೆ ನಾವು ಏನು ಮಾಡುತ್ತೇವೆ? ಇದೇ ಇಂದಿನ ನಮ್ಮ ಚಿಂತನೆ. ಅದಕ್ಕಾಗಿ ಒಂದೇ ಒಂದು ಹೆಸರನ್ನು ಕೈಗೆತ್ತಿಕೊಳ್ಳೋಣ. ಆ ಹೆಸರು ಮಾರ್ಟಿನ್.

ನಮ್ಮ ಧರ್ಮಕೇಂದ್ರಗಳಿಗೆ ಇದು ಹೊಸದಲ್ಲ. ಕರಾವಳಿಯ ಕ್ರೈಸ್ತ ಮನೆತನಗಳಲ್ಲಿರುವ ಮಾರ್ಟಿಸ್ ಎಂಬ ಅಡ್ಡಹೆಸರೂ ಪೋರ್ಚುಗೀಸರ ಮಾರ್ಟಿನ್ಸ್ ಎಂಬುದರಿಂದ ಬಂದದ್ದೇ. ಆದರೆ ಈ ಹೆಸರಿನ ಮೂಲ ಕೇಳಿದರೆ ಅಜ್ಜಿ ಬೆಚ್ಚಿಬಿದ್ದಾರು. ಲ್ಯಾಟಿನ್ ಭಾಷೆಯ ಮಾರ್ಟಿನುಸ್ ಹುಟ್ಟಿದ್ದು ಮಾರ್ಸ್ ಎಂಬುದರಿಂದ. ಮಾರ್ಸ್ ರೋಮನರ ಯುದ್ಧದೇವತೆ. ಮಾರ್ಚ್ ತಿಂಗಳಿಗೆ ಆ ಹೆಸರು ಬಂದದ್ದೂ ಅವನಿಂದಲೇ. ನಾವು ಮಂಗಳ ಎಂದು ಕರೆಯುವ ಕೆಂಪು ಗ್ರಹಕ್ಕೆ ಅವರು ಇಟ್ಟದ್ದೂ ಅವನದೇ ಹೆಸರು. ಮಾರ್ಟಿನ್ ಎಂದರೆ ಯುದ್ಧದೇವತೆಗೆ ಸೇರಿದವನು ಎಂದರ್ಥ. ರಕ್ತದ ವಾಸನೆಯುಳ್ಳ ಈ ಹೆಸರು ಪವಿತ್ರವಾದದ್ದು ಹೇಗೆ?

ಅರ್ಧ ಮೇಲಂಗಿ

ನಾಲ್ಕನೆಯ ಶತಮಾನ. ಇಂದಿನ ಹಂಗೇರಿ ದೇಶದಲ್ಲಿರುವ ಒಂದು ಪಟ್ಟಣದಲ್ಲಿ ರೋಮನ್ ಸೈನ್ಯದ ಅಧಿಕಾರಿಯೊಬ್ಬನಿಗೆ ಗಂಡುಮಗು ಹುಟ್ಟಿತು. ಕ್ರೈಸ್ತನಲ್ಲದ ಆ ತಂದೆ ಮಗನಿಗೆ ಸೈನಿಕರ ಮನೆಗೆ ಒಪ್ಪುವ ಹೆಸರನ್ನೇ ಇಟ್ಟ. ಹುಡುಗನಾದರೋ ಹತ್ತನೆಯ ವಯಸ್ಸಿನಲ್ಲಿ ತಾನಾಗಿ ದೇವಾಲಯಕ್ಕೆ ಹೋಗಿ ದೀಕ್ಷಾರ್ಥಿಯಾದ. ಹದಿನೈದಕ್ಕೆ ಅವನನ್ನು ಬಲವಂತವಾಗಿ ಸೈನ್ಯಕ್ಕೆ ಸೇರಿಸಲಾಯಿತು.

ಮುಂದಿನ ಘಟನೆ ನಿಮಗೆ ಗೊತ್ತಿರಬಹುದು. ಫ್ರಾನ್ಸಿನ ಅಮಿಯೆನ್ಸ್ ಪಟ್ಟಣದ ಹೆಬ್ಬಾಗಿಲು, ಜೀವ ತೆಗೆಯುವಂಥ ಚಳಿಗಾಲ. ಮೈಮೇಲೆ ಬಟ್ಟೆಯಿಲ್ಲದ ಒಬ್ಬ ಭಿಕ್ಷುಕ ಹೋಗಿಬರುವವರನ್ನೆಲ್ಲ ಬೇಡುತ್ತಿದ್ದಾನೆ. ಯಾರೂ ನಿಲ್ಲುವುದಿಲ್ಲ. ಯುವಸೈನಿಕ ಮಾರ್ಟಿನ್ ನಿಂತ. ತನ್ನಲ್ಲಿದ್ದುದನ್ನೆಲ್ಲ ಆಗಲೇ ಕೊಟ್ಟು ಮುಗಿಸಿದ್ದ. ಉಳಿದಿದ್ದುದು ತೊಟ್ಟಿದ್ದ ಮೇಲಂಗಿ ಮಾತ್ರ. ಕತ್ತಿ ಹಿರಿದು ಅದನ್ನು ಎರಡಾಗಿ ಸೀಳಿ ಒಂದು ಪಾಲನ್ನು ಅವನಿಗೆ ಹೊದಿಸಿದ. ನೋಡಿದವರಲ್ಲಿ ಕೆಲವರು ಹರಿದ ಅಂಗಿಯ ಸೈನಿಕನನ್ನು ಕಂಡು ನಕ್ಕರು. ತಾವು ಬೆತ್ತಲಾಗದೆಯೂ ಕೊಡಬಹುದಾಗಿತ್ತಲ್ಲ ಎಂದು ಇನ್ನು ಕೆಲವರು ತಲೆತಗ್ಗಿಸಿದರು.

ಅದೇ ರಾತ್ರಿ ಮಾರ್ಟಿನ್ ಕನಸು ಕಂಡ. ಆ ಅರ್ಧ ಮೇಲಂಗಿಯನ್ನು ಹೊದ್ದು ಪ್ರಭು ಯೇಸು ನಿಂತಿದ್ದಾರೆ. ಇನ್ನೂ ದೀಕ್ಷಾಸ್ನಾನವನ್ನೂ ಪಡೆಯದ ಮಾರ್ಟಿನ್ ತಮಗೆ ಇದನ್ನು ಹೊದಿಸಿದನೆಂದು ದೇವದೂತರಿಗೆ ಹೇಳುತ್ತಿದ್ದಾರೆ. ಇದನ್ನು ಬರೆದಿಟ್ಟವರು ಸಂತರನ್ನು ಕಣ್ಣಾರೆ ಕಂಡಿದ್ದ ಸುಲ್ಪೀಸಿಯಸ್ ಸೆವೆರಸ್. ಚಾಪೆಲ್ ಎಂಬ ಪದ ನಮಗೆಲ್ಲ ಗೊತ್ತಲ್ಲವೇ? ಅದು ಬಂದದ್ದೂ ಈ ಮೇಲಂಗಿಯಿಂದಲೇ. ಅದನ್ನು ಇರಿಸಿದ್ದ ಪುಟ್ಟ ಗುಡಿಗೆ ಬಂದ ಹೆಸರು ಲೋಕದ ಎಲ್ಲ ಪುಟ್ಟ ಗುಡಿಗಳಿಗೂ ಹಬ್ಬಿತು.

ಒಂದು ದಿನ ಯುದ್ಧದ ಮುನ್ನ ಸೈನಿಕರಿಗೆ ಹಣ ಹಂಚುವಾಗ ಮಾರ್ಟಿನ್ ಕೈಚಾಚಲಿಲ್ಲ. ತಾನಿನ್ನು ಕ್ರಿಸ್ತನ ಸೈನಿಕ, ಹೋರಾಡಲಾರೆ ಎಂದ. ಹೇಡಿ ಎಂಬ ಮಾತು ಬಂತು. ಹಾಗಾದರೆ ನಾಳೆ ಆಯುಧವಿಲ್ಲದೆ ಮುಂದಿನ ಸಾಲಿನಲ್ಲಿ ನಿಲ್ಲುತ್ತೇನೆ ಎಂದ. ಮರುದಿನ ಶತ್ರುಗಳೇ ಸಂಧಾನಕ್ಕೆ ಬಂದರು. 371ರಲ್ಲಿ ಅವರು ಟೂರ್ಸ್ ನಗರದ ಧರ್ಮಾಧ್ಯಕ್ಷರಾದರು. 397ರ ನವೆಂಬರ್ 11ರಂದು ಅವರನ್ನು ಭೂಸ್ಥಾಪನೆ ಮಾಡಲಾಯಿತು. ಅವರ ಹಬ್ಬ ಇಂದಿಗೂ ಅದೇ ದಿನ.

ಸಂತರ ಜೀವನದಲ್ಲಿ ಕಹಿ ನೆನಪೂ ಒಂದುಂಟು. ಸುಮಾರು 385ರಲ್ಲಿ ಪ್ರಿಸಿಲಿಯನ್ ಎಂಬ ಭಿನ್ನಮತದ ಬೋಧಕನಿಗೆ ಮರಣದಂಡನೆ ಕೊಡಿಸಬೇಕೆಂದು ಕೆಲವು ಧರ್ಮಾಧ್ಯಕ್ಷರೇ ಚಕ್ರವರ್ತಿಯ ಬೆನ್ನುಬಿದ್ದರು. ಆತನ ಬೋಧನೆ ತಪ್ಪೆಂದು ಮಾರ್ಟಿನರೂ ಬಲ್ಲರು. ಆದರೂ ರಕ್ತ ಹರಿಸಬೇಡಿ ಎಂದು ಚಕ್ರವರ್ತಿಯನ್ನು ಬೇಡಿಕೊಂಡು ಮಾತು ಪಡೆದು ಬಂದರು. ಅವರು ಅತ್ತ ಹೋದದ್ದೇ ತಡ, ಇತ್ತ ತಲೆ ಉರುಳಿತು. ಮುಂದೆ ಇನ್ನಷ್ಟು ಜನರ ಪ್ರಾಣ ಉಳಿಸಲೆಂದು ಅದೇ ಧರ್ಮಾಧ್ಯಕ್ಷರ ಜೊತೆ ಒಂದು ದಿನ ಆರಾಧನೆಯಲ್ಲಿ ಕೂಡಿಕೊಳ್ಳಬೇಕಾಯಿತು. ಆ ಒಂದು ದಿನದ ಕೊರಗು ಅವರನ್ನು ಸಾಯುವವರೆಗೂ ಬಿಡಲಿಲ್ಲ. ನಮ್ಮ ವಿರೋಧಿಯ ಪ್ರಾಣಕ್ಕಾಗಿ ಹೀಗೆ ಮರುಗುವ ಮನಸ್ಸು ನಮ್ಮಲ್ಲಿ ಎಷ್ಟು ಜನಕ್ಕಿದೆ?

ಮರೆತುಹೋದ ಜಗದ್ಗುರು

649ರಲ್ಲಿ ಇನ್ನೊಬ್ಬ ಮಾರ್ಟಿನ್ ರೋಮಿನಲ್ಲಿ ಜಗದ್ಗುರುಗಳಾದರು. ಕ್ರಿಸ್ತನಿಗೆ ಮಾನವ ಚಿತ್ತವಿರಲಿಲ್ಲ, ದೈವಚಿತ್ತ ಮಾತ್ರ ಇತ್ತು ಎಂಬ ಬೋಧನೆ ಆಗ ಹರಡಿತ್ತು. ಈ ವಿಷಯವನ್ನು ಯಾರೂ ಎತ್ತಕೂಡದು ಎಂದು ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಆಜ್ಞೆ ಹೊರಡಿಸಿದ್ದ. ಮಾರ್ಟಿನರು ಸುಮ್ಮನಿರಲಿಲ್ಲ. ಕ್ರಿಸ್ತನಿಗೆ ನಮ್ಮಂತೆಯೇ ಮಾನವ ಚಿತ್ತ ಇರದಿದ್ದರೆ ಗೆತ್ಸೆಮನಿ ತೋಪಿನ ಆ ರಾತ್ರಿಯ ಸಂಕಟ ಬರೀ ನಾಟಕವಾಗುತ್ತಿತ್ತಲ್ಲವೇ? ಸಭೆ ಕರೆದು ಆ ಬೋಧನೆಯನ್ನು ಖಂಡಿಸಿದರು. 653ರಲ್ಲಿ ಹಾಸಿಗೆ ಹಿಡಿದಿದ್ದ ಅವರನ್ನು ಸೈನಿಕರು ಎಳೆದೊಯ್ದರು. ಜನರೆದುರು ಅವಮಾನಿಸಿ, ಸರಪಳಿ ತೊಡಿಸಿ, ಕೊನೆಗೆ ಕಪ್ಪು ಸಮುದ್ರದ ತೀರದ ಕ್ರಿಮಿಯಕ್ಕೆ ಗಡೀಪಾರು ಮಾಡಿದರು.

ಅಲ್ಲಿಂದ ಅವರು ಬರೆದ ಪತ್ರಗಳ ನೋವು ಚಕ್ರವರ್ತಿಯ ಕ್ರೌರ್ಯದ್ದಷ್ಟೇ ಅಲ್ಲ, ತಮ್ಮವರ ಮರೆವಿನದು. ಅವರಿಗೆ ರೊಟ್ಟಿಗೂ ಕೊರತೆ. ರೋಮಿನಿಂದ ವಿಚಾರಿಸುವವರಿಲ್ಲ. ಅವರು ಬದುಕಿರುವಾಗಲೇ ರೋಮಿನಲ್ಲಿ ಇನ್ನೊಬ್ಬರನ್ನು ಆ ಪೀಠಕ್ಕೆ ಆರಿಸಿದರು! ಆದರೂ ಮಾರ್ಟಿನರು ಶಪಿಸಲಿಲ್ಲ. ಹೊಸ ಕುರುಬನಿಗಾಗಿ, ತಮ್ಮನ್ನು ಮರೆತ ಮಂದೆಗಾಗಿ ಪ್ರಾರ್ಥಿಸಿದರು. 655ರಲ್ಲಿ ತೀರಿಕೊಂಡ ಅವರು ರಕ್ತಸಾಕ್ಷಿಯೆಂದು ಪೂಜಿತರಾದ ಜಗದ್ಗುರುಗಳಲ್ಲಿ ಕೊನೆಯವರು.

ಓದುಗರೇ, ಈ ಪತ್ರಗಳನ್ನು ಓದುವಾಗ ನಮ್ಮ ಮನೆಯ ಹಿಂದಿನ ಕೋಣೆ ನೆನಪಾಗುವುದಿಲ್ಲವೇ? ಅಲ್ಲಿ ಮಲಗಿರುವ ಅಪ್ಪ ಬದುಕಿರುವಾಗಲೇ ಅವರ ಜಾಗವನ್ನು ಹಂಚಿಕೊಂಡವರು ಯಾರು? ಅವರ ಊಟದ ಹೊತ್ತನ್ನು ಮರೆತವರು ಯಾರು?

ಒಂದೇ ದಿನ, ಎರಡು ಹಾದಿ

ಮೂರು ಜನ ಏಕಕಾಲಕ್ಕೆ ತಾವೇ ಜಗದ್ಗುರು ಎನ್ನುವಷ್ಟು ಧರ್ಮಸಭೆ ಒಡೆದಿದ್ದ ಕಾಲವೊಂದಿತ್ತು. 1378ರಿಂದ ನಡೆದುಬಂದ ಆ ಒಡಕು ಮುಗಿದದ್ದು ಕಾನ್‌ಸ್ಟನ್ಸ್ ಪಟ್ಟಣದಲ್ಲಿ, 1417ರ ನವೆಂಬರ್ 11ರಂದು. ಅಂದು ಆಯ್ಕೆಯಾದವರು ಆ ದಿನದ ಸಂತರ ಹೆಸರನ್ನೇ ತಳೆದು ಐದನೆಯ ಮಾರ್ಟಿನ್ ಎನಿಸಿಕೊಂಡರು.

ಅದಾಗಿ 66 ವರ್ಷಗಳ ಮೇಲೆ, 1483ರ ನವೆಂಬರ್ 11ರಂದು ಜರ್ಮನಿಯಲ್ಲಿ ಹಿಂದಿನ ದಿನ ಹುಟ್ಟಿದ್ದ ಕೂಸೊಂದಕ್ಕೆ ದೀಕ್ಷಾಸ್ನಾನವಾಯಿತು. ಹಬ್ಬದ ದಿನವೆಂದು ಮಾರ್ಟಿನ್ ಎಂದೇ ಹೆಸರಿಟ್ಟರು. ಅವರೇ ಮಾರ್ಟಿನ್ ಲೂಥರ್. ಒಡಕು ಮುಚ್ಚಿದ ದಿನದ ಹೆಸರೇ ಇನ್ನೊಂದು ಒಡಕಿನ ಹೆಸರೂ ಆಯಿತು. ಅದರಲ್ಲಿ ತಪ್ಪು ಒಂದೇ ಕಡೆಯದಾಗಿರಲಿಲ್ಲ ಎಂದು ಇಂದು ಇಬ್ಬರೂ ಬಲ್ಲೆವು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ ಸಭೆಗಳವರೂ ಒಂದೇ ಘೋಷಣೆಗೆ ಸಹಿ ಹಾಕಿದರು. 2016ರ ಅದೇ ದಿನ ಜಗದ್ಗುರು ಫ್ರಾನ್ಸಿಸ್ ಅವರು ಸ್ವೀಡನ್ನಿನ ಲುಂಡ್‌ನಲ್ಲಿ ಲೂಥರನ್ನರೊಡನೆ ನಿಂತು ಪ್ರಾರ್ಥಿಸಿದರು. ಸಹಿಗೆ ಬೇಕಾದದ್ದು ಸುಮಾರು ಐನೂರು ವರ್ಷ. ಅಣ್ಣತಮ್ಮಂದಿರು ಬೇಲಿಯ ಜಗಳಕ್ಕೆ ಮಾತು ಬಿಟ್ಟು ಎಷ್ಟು ವರ್ಷವಾಯಿತು, ನೀವೇ ಎಣಿಸಿಕೊಳ್ಳಿ.

ಪೊರಕೆ ಹಿಡಿದ ಸಂತ

1579. ದಕ್ಷಿಣ ಅಮೆರಿಕದ ಪೆರು ದೇಶದ ಲೀಮ ನಗರ. ದೀಕ್ಷಾಸ್ನಾನದ ಪುಸ್ತಕದಲ್ಲಿ ಒಂದು ಮಗುವಿನ ಹೆಸರು ಮಾರ್ಟಿನ್ ಎಂದು ಬರೆದು, ತಂದೆ ಯಾರೆಂದು ಗೊತ್ತಿಲ್ಲ ಎಂದು ನಮೂದಿಸಿದರು. ಗೊತ್ತಿಲ್ಲದೆ ಏನು! ತಂದೆ ಸ್ಪೇನಿನ ಕುಲೀನ. ತಾಯಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಹೆಂಗಸು. ಮಗುವಿನ ಬಣ್ಣ ತಾಯಿಯದು. ಅಷ್ಟಕ್ಕೇ ತಂದೆ ಅಪರಿಚಿತನಾದ.

ಹುಡುಗ ಕ್ಷೌರದ ಜೊತೆಗೆ ಗಾಯಗಳಿಗೆ ಮದ್ದು ಕಟ್ಟುವ ವಿದ್ಯೆಯನ್ನೂ ಕಲಿತ. ಹದಿನೈದನೆಯ ವಯಸ್ಸಿಗೆ ಡೊಮಿನಿಕನ್ ಮಠಕ್ಕೆ ಬಂದ. ಆಫ್ರಿಕದವರ, ಆ ನೆಲದ ಮೂಲನಿವಾಸಿಗಳ ಸಂತತಿಯವರು ಪೂರ್ಣ ಸದಸ್ಯರಾಗುವಂತಿಲ್ಲ ಎಂಬುದು ಆಗಿನ ನಿಯಮ. ಮಾರ್ಟಿನ್ ಸೇವಕನಾಗಿಯೇ ಒಳಗೆ ಬಂದು ಪೊರಕೆ ಹಿಡಿದ. ರೋಗಿಗಳ ಕೋಣೆಯಲ್ಲಿ ಹಗಲಿರುಳು ದುಡಿದ. ಬಾಗಿಲಿಗೆ ಬಂದ ಬಡವರಿಗೆ ಉಣಬಡಿಸಿದ. ಅನಾಥ ಮಕ್ಕಳಿಗೆ ಆಶ್ರಯ ಕಟ್ಟಿದ. ಬೀದಿಯಲ್ಲಿ ರಕ್ತ ಸೋರುತ್ತಿದ್ದ ಒಬ್ಬ ಮೂಲನಿವಾಸಿಯನ್ನು ಹೊತ್ತು ತಂದು ತನ್ನ ಹಾಸಿಗೆಯಲ್ಲೇ ಮಲಗಿಸಿದನೆಂದೂ, ಹಿರಿಯರು ಗದರಿದಾಗ ವಿಧೇಯತೆಗಿಂತ ಪ್ರೀತಿ ಮೊದಲಲ್ಲವೇ ಎಂದು ವಿನಯದಿಂದ ಕೇಳಿದನೆಂದೂ ಪ್ರತೀತಿ ಇದೆ. 1603ರಲ್ಲಿ ಆ ನಿಯಮವನ್ನು ಬದಿಗಿಟ್ಟು ಮಠವೇ ಅವರನ್ನು ಸಹೋದರನೆಂದು ಸ್ವೀಕರಿಸಿತು. ಅವರು ತೀರಿಕೊಂಡದ್ದು 1639ರ ನವೆಂಬರ್ 3ರಂದು. ಸಂತ ಪದವಿ ದೊರೆತದ್ದು 1962ರಲ್ಲಿ. ಹೊಸಿಲಿನ ಹೊರಗೆ ನಿಲ್ಲಿಸಿದವನನ್ನು ವೇದಿಕೆಯ ಮೇಲೆ ನಿಲ್ಲಿಸಲು ನಮಗೆ ಅಷ್ಟು ಕಾಲ ಬೇಕಾಯಿತು.

ಇನ್ನೊಬ್ಬರು ನಮ್ಮ ಸಭೆಯವರಲ್ಲ. ಆದರೂ ಅವರನ್ನು ಬಿಟ್ಟರೆ ಈ ಮಾತು ಪೂರ್ಣವಾಗದು. 1929ರಲ್ಲಿ ಅಮೆರಿಕದ ಅಟ್ಲಾಂಟದಲ್ಲಿ ಬ್ಯಾಪ್ಟಿಸ್ಟ್ ಬೋಧಕರೊಬ್ಬರಿಗೆ ಹುಟ್ಟಿದ ಮಗನ ಹೆಸರು ಮೈಕೆಲ್. 1934ರಲ್ಲಿ ಜರ್ಮನಿಗೆ ಹೋಗಿಬಂದ ತಂದೆ ತಮ್ಮ ಹೆಸರನ್ನೂ ಮಗನ ಹೆಸರನ್ನೂ ಮಾರ್ಟಿನ್ ಲೂಥರ್ ಎಂದು ಬದಲಿಸಿದರು. ಆ ಹುಡುಗನೇ ಮಾರ್ಟಿನ್ ಲೂಥರ್ ಕಿಂಗ್. ಕರಿಯರ ಹಕ್ಕಿಗಾಗಿ ಗಾಂಧೀಜಿಯವರ ಅಹಿಂಸೆಯ ಹಾದಿ ಹಿಡಿದ ಅವರು 1959ರಲ್ಲಿ ನಮ್ಮ ದೇಶಕ್ಕೂ ಬಂದಿದ್ದರು. ಕೇರಳದ ಶಾಲೆಯೊಂದರಲ್ಲಿ ದಲಿತ ಮಕ್ಕಳ ಮುಂದೆ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ಅಸ್ಪೃಶ್ಯ ಬಂಧು ಎಂದು ಪರಿಚಯಿಸಿದರಂತೆ. ಕಿಂಗ್ ಮೊದಲು ನೊಂದರು. ಆಮೇಲೆ ಯೋಚಿಸಿ, ಹೌದು, ನಾನೂ ಅಸ್ಪೃಶ್ಯನೇ ಎಂದು ಒಪ್ಪಿಕೊಂಡರು. 1965ರಲ್ಲಿ ತಮ್ಮ ದೇವಾಲಯದ ಪ್ರಬೋಧನೆಯಲ್ಲಿ ಅವರೇ ಇದನ್ನು ಹೇಳಿದರು. 1968ರ ಏಪ್ರಿಲ್ 4ರಂದು ಗುಂಡಿಗೆ ಬಲಿಯಾದರು.

ನಮ್ಮ ಹೆಸರು

ಇವರೆಲ್ಲರ ಹೆಸರು ಒಂದೇ. ಯುದ್ಧದೇವತೆಯ ಆ ಹೆಸರಿಗೆ ಬೇರೆಯೇ ಅರ್ಥ ಬಂದದ್ದು ನಿಘಂಟಿನಿಂದಲ್ಲ, ಅದನ್ನು ಹೊತ್ತವರ ಬದುಕಿನಿಂದ.

ಆದ್ದರಿಂದ ಅಜ್ಜಿಯೂ ಸೊಸೆಯೂ ಸಮಾಧಾನ ತಂದುಕೊಳ್ಳಬಹುದು. ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ ಎಂದಷ್ಟೇ 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ. ಪ್ರಕಾಶ, ಜ್ಯೋತಿ, ಕರುಣ ಎಂಬ ಹೆಸರುಗಳೂ ಒಳ್ಳೆಯವೇ. ಸಂತರ ಹೆಸರಿಟ್ಟರೆ ಒಂದು ಲಾಭವಿದೆ. ನಮಗಿಂತ ಮುಂಚೆ ಆ ಹಾದಿಯಲ್ಲಿ ನಡೆದ ಹಿರಿಯನೊಬ್ಬ ಮಗುವಿಗೆ ಸಿಗುತ್ತಾನೆ. ಆದರೆ ಆ ಹಿರಿಯನ ಕತೆಯನ್ನು ಮಗುವಿಗೆ ಹೇಳದಿದ್ದರೆ ಸಂತರ ಹೆಸರೂ ಮನೆಯ ಮುಂದಿನ ನಾಮಫಲಕ ಮಾತ್ರ.

ಮಾರ್ಟಿನ್ ಎಂದು ಹೆಸರಿಟ್ಟ ಮಗನಿಗೆ ಹೆಣ್ಣು ನೋಡಲು ಹೊರಟಾಗ ನಾವು ಮೊದಲು ಕೇಳುವುದೇನು? ಹುಡುಗಿಯ ವಿಶ್ವಾಸವನ್ನೋ, ಅವಳ ಮನೆಯವರ ಜಾತಿಯನ್ನೋ? ದೇವಾಲಯದ ಬಾಗಿಲಲ್ಲಿ ಗುರುಗಳು ಕೇಳದಿದ್ದ ಪ್ರಶ್ನೆಯನ್ನು ನಾವು ನಮ್ಮ ಜಗಲಿಯಲ್ಲಿ ಕೂತು ಕೇಳುತ್ತೇವೆ. ನಮ್ಮ ಧರ್ಮಸಭೆಯೊಳಗೂ ಜಾತಿಯ ತಾರತಮ್ಯವಿದೆಯೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದೆ. ಧರ್ಮಾಧ್ಯಕ್ಷರು ಒಪ್ಪಿಕೊಂಡದ್ದನ್ನು ನಮ್ಮ ಮನೆಗಳು ಒಪ್ಪಿಕೊಳ್ಳುವುದು ಯಾವಾಗ?

ಈ ಭಾನುವಾರ ಸಂಜೆ ಜಪಸರ ಮುಗಿದ ಮೇಲೆ ಟಿವಿ ಹಚ್ಚುವ ಮುಂಚೆ ಹತ್ತು ನಿಮಿಷ ಕೂತುಕೊಳ್ಳಿ. ಮನೆಯ ಪ್ರತಿಯೊಬ್ಬರೂ ತಮ್ಮ ಹೆಸರಿನ ಹಿಂದಿನ ಕತೆಯನ್ನು ಹೇಳಲಿ. ಗೊತ್ತಿಲ್ಲದಿದ್ದರೆ ಹಿಂದಿನ ಕೋಣೆಯಲ್ಲಿರುವ ಅಜ್ಜನನ್ನೋ ಅಜ್ಜಿಯನ್ನೋ ಕರೆತಂದು ಕೇಳಿ. ಅವರಿಗೆ ಗೊತ್ತಿರುತ್ತದೆ, ಕೇಳುವವರಿಲ್ಲ ಅಷ್ಟೆ.

ಹಸಿದವರಲ್ಲಿ, ಬಟ್ಟೆಯಿಲ್ಲದವರಲ್ಲಿ ತಾವೇ ಇರುವುದಾಗಿ ಪ್ರಭು ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಆ ರಾತ್ರಿ ಅರ್ಧ ಮೇಲಂಗಿ ಹೊದ್ದು ಯುದ್ಧದೇವತೆಯ ಹೆಸರನ್ನು ಅವರು ತಮ್ಮ ಬಾಯಿಂದಲೇ ಪ್ರೀತಿಯಿಂದ ಉಚ್ಚರಿಸಿದರು. ಆ ಹೆಸರು ಪವಿತ್ರವಾದದ್ದು ಆಗಲೇ. ಒಂದು ದಿನ ನಮ್ಮ ಹೆಸರನ್ನೂ ಅವರು ದೇವದೂತರ ಮುಂದೆ ಹೇಳಲಿದ್ದಾರೆ. ಆಗ ಅವರ ಹೆಗಲ ಮೇಲೆ ನಾವು ಹೊದಿಸಿದ್ದು ಏನಾದರೂ ಇರಲಿ.