ಲೋಹವೂ ದಣಿಯುತ್ತದೆ

ಹಗುರವಾದದ್ದೆಲ್ಲ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅದನ್ನು ತಿಕ್ಕಿ ನೋಡಲು ಸೈಕಲ್ಲು ಒಳ್ಳೆಯ ಒರೆಗಲ್ಲು. ನಾನು ಕನ್ನಡ ಪಾಠ ಹೇಳುವವನು, ಲೋಹಶಾಸ್ತ್ರ ಬಲ್ಲವನಲ್ಲ. ಆದರೆ ಯಾವ ಲೋಹ ಎಂಬ ಪ್ರಶ್ನೆಯೊಳಗೆ ಯಾರ ಹೊಣೆ ಎಂಬ ಪ್ರಶ್ನೆಯೂ ಅಡಗಿರುವುದರಿಂದ ಇಲ್ಲಿ ಬಾಯಿ ಹಾಕುತ್ತಿದ್ದೇನೆ.

ಈಗ ಸೈಕಲ್ಲಿನ ಭಾಗಗಳನ್ನೂ ಮುದ್ರಿಸುತ್ತಾರೆ. ಲೋಹದ ನುಣ್ಣನೆಯ ಪುಡಿಯನ್ನು ತೆಳ್ಳಗೆ ಹರಡಿ, ಬೇಕಾದೆಡೆ ಲೇಸರ್ ಕಿರಣದಿಂದ ಕರಗಿಸಿ, ಪದರದ ಮೇಲೆ ಪದರ ಕಟ್ಟುತ್ತಾರೆ. ಎರಕದ ಅಚ್ಚಿನ ಹಂಗಿಲ್ಲವಾಗಿ ಒಬ್ಬನ ಮೈಯಳತೆಗೆ ಒಂದೇ ಭಾಗವನ್ನು ಮಾಡಬಹುದು. 2015ರಲ್ಲಿ ಲಂಡನ್ನಿನಲ್ಲಿ ಬ್ರಾಡ್ಲಿ ವಿಗಿನ್ಸ್ ಒಂದು ಗಂಟೆಯಲ್ಲಿ 54.526 ಕಿ.ಮೀ. ಸಾಗಿದಾಗ ಹಿಡಿದ ಹ್ಯಾಂಡಲ್ ಹೀಗೆ ಟೈಟೇನಿಯಮ್ಮಿನಲ್ಲಿ ಮೂಡಿದ್ದು. 2022ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಫಿಲಿಪ್ಪೊ ಗಾನ್ನಾ 56.792 ಕಿ.ಮೀ. ಮುಟ್ಟಿದ ಸೈಕಲ್ಲಿನ ಚೌಕಟ್ಟು ಸ್ಕ್ಯಾಂಡಿಯಂ ಬೆರೆತ ಅಲ್ಯುಮಿನಿಯಮ್ಮಿನದು.

ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗಿದರೆ ಟೈಟೇನಿಯಂ 4.5, ಅಲ್ಯುಮಿನಿಯಂ 2.7. ತಕ್ಕಡಿಯೊಂದೇ ನ್ಯಾಯಾಧೀಶನಾಗಿದ್ದರೆ ತೀರ್ಪು ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಲೋಹಕ್ಕೂ ದಣಿವುಂಟು. ಒಮ್ಮೆ ದೊಡ್ಡ ಹೊರೆ ಹೊತ್ತು ಗೆದ್ದದ್ದು, ಸಣ್ಣ ಹೊರೆಯನ್ನು ಲಕ್ಷ ಸಲ ಹೊತ್ತು ಬಿರುಕು ಬಿಡಬಹುದು. ಉಕ್ಕಿಗೆ ಒಂದು ಎಲ್ಲೆಯುಂಟು; ಅದರೊಳಗೆ ಎಷ್ಟು ಸಲ ಹೊರಿಸಿದರೂ ಅದು ಸಾಮಾನ್ಯವಾಗಿ ತಾಳುತ್ತದೆ. ಟೈಟೇನಿಯಮ್ಮೂ ಹೆಚ್ಚುಕಡಿಮೆ ಹಾಗೆಯೇ. ಅಲ್ಯುಮಿನಿಯಮ್ಮಿಗೆ ಅಂಥ ಸ್ಪಷ್ಟ ಎಲ್ಲೆಯಿಲ್ಲ. ಸಣ್ಣ ಪೆಟ್ಟುಗಳ ಲೆಕ್ಕವನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ಮುದ್ರಿಸಿದ ಲೋಹದಲ್ಲಿ ಒಳಗುಳಿದ ಸಣ್ಣ ರಂಧ್ರಗಳೂ ಮೇಲ್ಮೈಯ ಒರಟುತನವೂ ಬಿರುಕಿಗೆ ಬಾಗಿಲಾಗುತ್ತವೆ.

ಹಾಗಾದರೆ ಟೈಟೇನಿಯಂ ಆರಿಸಿದರೆ ನಿಶ್ಚಿಂತೆಯೆ? 2021ರ ಆಗಸ್ಟ್ 2ರಂದು, ಟೋಕಿಯೋ ಒಲಿಂಪಿಕ್ಸಿನಲ್ಲಿ, ಆಸ್ಟ್ರೇಲಿಯದ ಅಲೆಕ್ಸ್ ಪೋರ್ಟರ್ ಅವರ ಸೈಕಲ್ಲಿನ ಮುದ್ರಿತ ಟೈಟೇನಿಯಂ ಹ್ಯಾಂಡಲ್ ಓಟದ ನಡುವೆಯೇ ಮುರಿದು, ಅವರು ಮುಖ ಅಡಿಯಾಗಿ ಬಿದ್ದರು. ಮರುವರ್ಷ ಹೊರಬಂದ ತನಿಖೆಯ ವರದಿ ಇದು ದಣಿವಿನಿಂದಾದ ಮುರಿತವೆಂದಿತು. ಭಾಗ ತಾಳಬೇಕಾದ ಹೊರೆಯನ್ನು ಮೊದಲೇ ಸಾಕಷ್ಟು ಗೊತ್ತುಮಾಡಿರಲಿಲ್ಲ, ಪರೀಕ್ಷೆಯೂ ಸಾಲದಾಗಿತ್ತು. ಲೋಹವನ್ನು ದೂರಿ ಫಲವೇನು? ಕೇಳಬೇಕಾದವರು ಕೇಳಬೇಕಾದ್ದನ್ನು ಕೇಳಿರಲಿಲ್ಲ.

ಸಾವಿರಾರು ಮಂದಿ ಬಳಸಿದ ಸಾಮಾನ್ಯ ಹ್ಯಾಂಡಲಿಗೆ ಸಾವಿರಾರು ಸಾಕ್ಷಿಗಳಿದ್ದಾರೆ. ಅದರ ದೋಷ ಮೊದಲು ಯಾರದೋ ಮೊಣಕಾಲಿಗೆ ತಿಳಿದು, ಆಮೇಲೆ ತಿದ್ದಲ್ಪಟ್ಟಿದೆ. ಒಬ್ಬನಿಗಾಗಿಯೇ ಹುಟ್ಟಿದ ಭಾಗಕ್ಕೆ ಒಡಹುಟ್ಟಿದವರಿಲ್ಲ. ಅದನ್ನು ಮೊದಲು ಏರಿದವನೇ ಅದರ ಪರೀಕ್ಷಕ. ಪಂದ್ಯಕ್ಕಿಳಿದವನು ಅಪಾಯವನ್ನು ಅರಿತು ಒಪ್ಪಬಹುದು. ಕೈ ಗಿಡ್ಡವಾದವನಿಗೆ, ಬೆರಳು ಊನವಾದವನಿಗೆ ಇಂಥ ಭಾಗ ವರವೇ ಸರಿ. ಆದರೆ ಅವನು ಪಂದ್ಯಕ್ಕಿಳಿದವನಲ್ಲ, ನಾಳೆ ಅದೇ ಸೈಕಲ್ಲನ್ನು ಎರವಲು ಕೊಂಡೊಯ್ಯುವ ನೆರೆಮನೆಯ ಹುಡುಗನೂ ಅಲ್ಲ.

ಆದ್ದರಿಂದ ಒಂದು ಬೇಕಾದವನಿಗೆ ಎರಡು ಮಾಡಬೇಕು, ಒಂದನ್ನು ಮುರಿಯುವವರೆಗೂ ದಣಿಸಿ ನೋಡಬೇಕು. ಬೆಲೆ ಇಮ್ಮಡಿಯಾಗುತ್ತದೆ, ನಿಜ. ಆ ಬೆಲೆಯನ್ನು ಹಣದಲ್ಲಿ ತೆರದಿದ್ದರೆ ಇನ್ನೊಬ್ಬರ ಹಲ್ಲಿನಲ್ಲಿ ತೆರಬೇಕಾದೀತು.