ಅಂಗಿಯ ಗುಂಡಿ

ಅಂಗಿಯ ಗುಂಡಿ ಹಾಕಿಕೊಳ್ಳಲು ಹಿರಿಯರಿಗೆ ಹತ್ತು ನಿಮಿಷ ಹಿಡಿಯುತ್ತದೆ. ನಾವೇ ಕೈಹಾಕಿ ಮುಗಿಸಿದರೆ ಅದು ಸೇವೆಯೋ, ನಮ್ಮ ಅವಸರವೋ? ಪಾರ್ಕಿನ್ಸನ್ ಕಾಯಿಲೆ ಹೊಕ್ಕ ಮನೆಯಲ್ಲಿ ಈ ಪ್ರಶ್ನೆ ದಿನಾ ಬೆಳಗ್ಗೆ ಏಳುತ್ತದೆ.

ಈ ಕಂಪವಾತವನ್ನು 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದನು. ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ನಶಿಸುತ್ತ ಹೋಗುತ್ತವೆ. ಕೈ ನಡುಗುವುದೊಂದೇ ಅಲ್ಲ, ಚಲನೆ ನಿಧಾನವಾಗುತ್ತದೆ, ಸ್ನಾಯು ಬಿಗಿಯುತ್ತದೆ, ಮುಖದ ಭಾವ ಮಾಸುತ್ತದೆ. ಮಾಸುವುದು ಮುಖದ ಮೇಲೆ ಮಾತ್ರ. ತಂದೆಯವರ ಆ ಮುಖವನ್ನು ನಾನು ಒಂದು ವರ್ಷ ಮುನಿಸೆಂದೇ ತಿಳಿದಿದ್ದೆ. ಬಿ.ಎಸ್ಸಿ. ಓದಿದ್ದು ಉಪಯೋಗಕ್ಕೆ ಬರಲಿಲ್ಲ!

ಲೆವೊಡೋಪ ಮಾತ್ರೆಯನ್ನು ವೈದ್ಯರು ಹೇಳಿದ ಹೊತ್ತಿಗೇ ಕೊಡಬೇಕು. ಹೊತ್ತು ಮೀರಿದರೆ ಮತ್ತೆ ಬಿಗಿತ. (ನಮ್ಮ ಬೇಲಿಗಳ ನಸುಗುನ್ನಿ ಬೀಜದಲ್ಲೂ ಇದೇ ವಸ್ತುವಿದೆ. ಹಾಗೆಂದು ಮನೆಮದ್ದಿಗೆ ಇಳಿಯತಕ್ಕದ್ದಲ್ಲ.) ಆದ್ದರಿಂದ ಬೆಳಗಿನ ಮಾತ್ರೆ ಕೊಟ್ಟು, ಮುಕ್ಕಾಲು ಗಂಟೆ ಬಿಟ್ಟು ಅಂಗಿ ಕೊಡುತ್ತೇನೆ. ಮೂರು ಗುಂಡಿ ಅವರೇ ಹಾಕಿಕೊಳ್ಳುತ್ತಾರೆ. ನಾಲ್ಕನೆಯದಕ್ಕೆ ನನ್ನನ್ನು ನೋಡಿದರೆ ಮಾತ್ರ ಕೈಹಾಕುತ್ತೇನೆ.

ಲೋಕಲ್ ತಪ್ಪುವ ಭಯವಿದ್ದ ದಿನ ಐದನ್ನೂ ನಾನೇ ಹಾಕಿಬಿಡುವುದುಂಟು. ಆಗ ಅವರು ಏನೂ ಅನ್ನುವುದಿಲ್ಲ, ಕಿಟಕಿಯ ಕಡೆ ನೋಡುತ್ತ ನಿಂತಿರುತ್ತಾರೆ.