ಒಂದು ಜೀವ ಎಂದರೆ ಎಷ್ಟು?

ಜೀವಕೋಶ, ಅಂಗಾಂಶ, ಅಂಗ, ಅಂಗವ್ಯೂಹ, ಜೀವಿ. ಅಲ್ಲಿಂದ ಮುಂದೆ ಜೀವಿಸಂದಣಿ, ಸಮುದಾಯ, ಪರಿಸರ ವ್ಯವಸ್ಥೆ. ಹೈಸ್ಕೂಲಿನಲ್ಲಿ ಈ ಸಾಲನ್ನು ಬಾಯಿಪಾಠ ಮಾಡದವರು ಕಡಿಮೆ. ಕೆಳಗಿನವು ಸೇರಿ ಮೇಲಿನದು ಆಗುತ್ತದೆ ಎಂದು ಮೇಷ್ಟ್ರು ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ, ಪಾಠ ಮುಂದೆ ಹೋಗುತ್ತದೆ. ಆದರೆ ಇದರಲ್ಲಿ ನಿಜವಾಗಿ ‘ಒಂದು’ ಎನ್ನಬಹುದಾದದ್ದು ಯಾವುದು? ಆನೆ ಒಂದು ಎನ್ನಲು ಯಾರಿಗೂ ಅನುಮಾನವಿಲ್ಲ. ಆನೆಯ ಹಿಂಡು? ಆನೆಯ ಯಕೃತ್ತಿನಲ್ಲಿರುವ ಜೀವಕೋಶ? ಆನೆ ಓಡಾಡುವ ಕಾಡು? ಎಲ್ಲದಕ್ಕೂ ‘ಒಂದು’ ಎಂಬ ಮಾತನ್ನೇ ಬಳಸುತ್ತೇವೆ. ಎಲ್ಲವೂ ಒಂದೇ ರೀತಿಯಲ್ಲಿ ಒಂದಾಗಿವೆಯೇ ಎಂದು ಮಾತ್ರ ಕೇಳಿಕೊಳ್ಳುವುದಿಲ್ಲ.

 

ನಮ್ಮ ನೆಲದ ತಾರ್ಕಿಕರು ಈ ಪ್ರಶ್ನೆಯನ್ನು ಶತಮಾನಗಳ ಕಾಲ ಹಿಡಿದು ಜಗ್ಗಿದ್ದಾರೆ. ನ್ಯಾಯದರ್ಶನದಲ್ಲಿ ಭಾಗಕ್ಕೆ ಅವಯವ ಎಂದೂ ಭಾಗಗಳಿಂದಾದ ಇಡಿಗೆ ಅವಯವಿ ಎಂದೂ ಹೆಸರು. ನೂಲು ಅವಯವ, ಬಟ್ಟೆ ಅವಯವಿ. ನೂಲಿಲ್ಲದೆ ಬಟ್ಟೆಯಿಲ್ಲ, ನಿಜ. ಆದರೂ ಬಟ್ಟೆ ನೂಲುಗಳ ಬರಿಯ ಗುಂಪಲ್ಲ, ಹೊಸದಾಗಿ ಹುಟ್ಟಿದ ಬೇರೆಯೇ ವಸ್ತು ಎಂಬುದು ನೈಯಾಯಿಕರ ನಿಲುವು. ಬೌದ್ಧರು ಇದನ್ನು ಒಪ್ಪಲಿಲ್ಲ. ಇರುವುದು ಭಾಗಗಳು ಮಾತ್ರ, ಇಡಿ ಎನ್ನುವುದು ವ್ಯವಹಾರಕ್ಕೆ ನಾವು ಇಟ್ಟುಕೊಂಡ ಹೆಸರು ಎಂದರು. ಅವರ ಪ್ರಶ್ನೆ ಹರಿತವಾದದ್ದು: ಅವಯವಿ ತನ್ನ ಒಂದೊಂದು ಅವಯವದಲ್ಲೂ ಪೂರ್ತಿಯಾಗಿ ಇದೆಯೋ, ಸ್ವಲ್ಪ ಸ್ವಲ್ಪ ಹಂಚಿಕೊಂಡು ಇದೆಯೋ? ಪೂರ್ತಿಯಾಗಿದ್ದರೆ ಒಂದೇ ನೂಲು ಬಟ್ಟೆಯಾಗಬೇಕು. ಹಂಚಿಕೊಂಡಿದ್ದರೆ ಇಡಿಗೂ ಮತ್ತೆ ತುಣುಕುಗಳು ಬಂದವು, ಅದು ಇಡಿ ಹೇಗಾದೀತು?

ನೈಯಾಯಿಕರು ಕೊಟ್ಟ ಸಮಾಧಾನಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಧಾರಣ ಮತ್ತು ಆಕರ್ಷಣದ ವಾದ. ಒಂದು ತುದಿ ಹಿಡಿದರೆ ಇಡಿಯಾಗಿ ಕೈಗೆ ಬರುತ್ತದೆ, ಒಂದು ಮೂಲೆ ಎಳೆದರೆ ಇಡೀ ವಸ್ತು ಹಿಂದೆಯೇ ಬರುತ್ತದೆ. ಮರಳಿನ ರಾಶಿಗೆ ಕೈ ಹಾಕಿದರೆ ಬರುವುದು ಹಿಡಿ ಮರಳು ಮಾತ್ರ. ಇದೇ ಚರ್ಚೆಯಲ್ಲಿ ಎದುರಾಳಿಯ ಬಾಯಿಂದ ಒಂದು ಉದಾಹರಣೆ ಬರುತ್ತದೆ: ದೂರದಿಂದ ನೋಡಿದಾಗ ಸೈನ್ಯ ಒಂದಾಗಿ ಕಾಣುತ್ತದೆ, ಕಾಡು ಒಂದಾಗಿ ಕಾಣುತ್ತದೆ, ಹತ್ತಿರ ಹೋದರೆ ಬಿಡಿ ಸೈನಿಕರು, ಬಿಡಿ ಮರಗಳು. ಎಲ್ಲ ಇಡಿಗಳೂ ಹಾಗೇ ಯಾಕಿರಬಾರದು? ನೈಯಾಯಿಕರಿಗೆ ಇದು ಒಪ್ಪಿಗೆಯಾಗಲಿಲ್ಲ. ಆದರೆ ಕಾಡು ಬರಿಯ ಸಮೂಹ ಎಂಬಷ್ಟರ ಮಟ್ಟಿಗೆ ಎರಡೂ ಪಕ್ಷಗಳಿಗೆ ತಕರಾರಿರಲಿಲ್ಲ. ಈ ಕಾಡಿನ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಜೀವವಿಜ್ಞಾನ ಇದೇ ಜಗಳಕ್ಕೆ ಬೇರೆ ದಾರಿಯಿಂದ ಬಂದು ಸೇರಿತು. 1838ರಲ್ಲಿ ಶ್ಲೈಡನ್ ಸಸ್ಯಗಳೆಲ್ಲ ಜೀವಕೋಶಗಳಿಂದ ಆಗಿವೆ ಎಂದರು. ಮರುವರ್ಷ ಶ್ವಾನ್ ಪ್ರಾಣಿಗಳಿಗೂ ಅದನ್ನೇ ಹೇಳಿದರು. 1855ರಲ್ಲಿ ರುಡಾಲ್ಫ್ ವಿರ್ಚೋ, ಜೀವಕೋಶ ಹುಟ್ಟುವುದು ಇನ್ನೊಂದು ಜೀವಕೋಶದಿಂದಲೇ ಎಂದು ಸಾರಿದರು. ವಿರ್ಚೋ ವೈದ್ಯರೂ ಹೌದು, ರಾಜಕಾರಣಿಯೂ ಹೌದು. ದೇಹವನ್ನು ಅವರು ಒಂದು ರಾಜ್ಯದಂತೆ ಕಂಡರು, ಪ್ರತಿ ಕೋಶವೂ ಅದರ ಪ್ರಜೆ. ನಿಜವಾಗಿ ಬದುಕುವುದು ಕೋಶ, ದೇಹ ಅವುಗಳ ಒಕ್ಕೂಟ ಎಂಬ ಈ ದೃಷ್ಟಿ ಬೌದ್ಧರ ಕಡೆಗೆ ವಾಲುತ್ತದೆ. ಅಲ್ಲ, ಮೊದಲು ಬರುವುದು ದೇಹವೇ, ಕೋಶಗಳು ಅದರ ಅಂಗ ಎನ್ನುವವರು ನೈಯಾಯಿಕರ ಪಕ್ಕ ನಿಲ್ಲುತ್ತಾರೆ.

ಈ ವಾದದಲ್ಲಿ ಯಾರ ಪಕ್ಷ ಹಿಡಿಯುವ ಮೊದಲೂ ಡಿಕ್ಟಿಯೋಸ್ಟೀಲಿಯಂ ಎಂಬ ಜೀವಿಯನ್ನು ನೋಡಬೇಕು. ಇದು ಕಾಡಿನ ನೆಲದಲ್ಲಿ, ಕೊಳೆಯುವ ಎಲೆಗಳ ನಡುವೆ ಬದುಕುವ ಅಮೀಬ. ಬ್ಯಾಕ್ಟೀರಿಯಾ ತಿನ್ನುತ್ತ, ಎರಡಾಗಿ ಒಡೆಯುತ್ತ, ಒಂಟಿಯಾಗಿ ಇರುತ್ತದೆ. ಆಹಾರ ಮುಗಿದಾಗ ಹಸಿದ ಅಮೀಬಗಳು ಒಂದು ರಾಸಾಯನಿಕವನ್ನು ಹೊರಗೆ ಬಿಡುತ್ತವೆ. ಪಕ್ಕದವು ಅದನ್ನು ಗ್ರಹಿಸಿ ಆ ಕಡೆಗೆ ಹರಿಯುತ್ತವೆ, ತಾವೂ ಅದನ್ನೇ ಬಿಡುತ್ತವೆ. ಹೀಗೆ ಸಾವಿರಾರು, ಕೆಲವೊಮ್ಮೆ ಲಕ್ಷದಷ್ಟು ಅಮೀಬಗಳು ಒಂದೆಡೆ ಸೇರಿ ಕೆಲವು ಮಿಲಿಮೀಟರ್ ಉದ್ದದ ಹುಳುವಿನಂಥ ಆಕಾರವಾಗುತ್ತವೆ. ಅದಕ್ಕೆ ಮುಂದು ಹಿಂದು ಇದೆ. ಬೆಳಕಿನ ಕಡೆಗೆ ಅದು ತೆವಳುತ್ತದೆ. ಒಂದು ಜಾಗದಲ್ಲಿ ನಿಂತು ಮೇಲಕ್ಕೆದ್ದು ಸಣ್ಣ ಕಾಂಡವಾಗುತ್ತದೆ, ತುದಿಯಲ್ಲಿ ಬೀಜಕಣಗಳ ಗುಂಡು. ಕಾಂಡವಾದ ಕೋಶಗಳು, ಒಟ್ಟಿನಲ್ಲಿ ಸುಮಾರು ಐದನೆಯ ಒಂದು ಭಾಗ, ಅಲ್ಲೇ ಸಾಯುತ್ತವೆ. ಉಳಿದವು ಬೀಜಕಣಗಳಾಗಿ ಚದುರಿ ಮತ್ತೆ ಅಮೀಬಗಳಾಗುತ್ತವೆ.

ನಿನ್ನೆಯವರೆಗೆ ತನ್ನಷ್ಟಕ್ಕೆ ತಿಂದು ತಿರುಗುತ್ತಿದ್ದ ಅಮೀಬ ಇಂದು ಮತ್ತೊಂದನ್ನು ಎತ್ತಿ ನಿಲ್ಲಿಸಲು ಸಾಯುತ್ತದೆ. ಹಾಗಾದರೆ ಜೀವಿ ಯಾವುದು? ಅಮೀಬವೋ, ತೆವಳಿದ ಆ ಹುಳುವೋ? ಹುಳುವನ್ನು ನೈಯಾಯಿಕರ ಪರೀಕ್ಷೆಗೆ ಒಡ್ಡಿದರೆ ಪಾಸಾಗುತ್ತದೆ, ಒಂದು ಕಡೆ ಎಳೆದರೆ ಇಡಿಯೂ ಬರುತ್ತದೆ. ಆದರೆ ಅದರ ಒಳಗೆ ಬಿರುಕಿದೆ. ಸೇರುವ ಅಮೀಬಗಳು ಒಂದೇ ವಂಶದವು ಆಗಿರಬೇಕೆಂದಿಲ್ಲ. ಬೇರೆ ತಳಿಗಳು ಬೆರೆತಾಗ ಕೆಲವು ತಳಿಗಳು ಕಾಂಡಕ್ಕೆ ತಮ್ಮ ಪಾಲು ಕಡಿಮೆ ಕೊಟ್ಟು ಬೀಜಕಣಗಳಲ್ಲಿ ಹೆಚ್ಚು ಪಾಲು ಪಡೆಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯ ಬಹುಕಾಲ ಅಧ್ಯಯನ ಮಾಡಿದ್ದು ಈ ಅಮೀಬಗಳನ್ನೇ. ಒಗ್ಗಟ್ಟು ಹೇಗೆ ಹುಟ್ಟುತ್ತದೆ, ಯಾಕೆ ಒಡೆಯದೆ ಉಳಿಯುತ್ತದೆ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಜೀವಿ ಸಿಗುವುದು ಕಷ್ಟ.

ಆಸ್ಟ್ರೇಲಿಯಾದ ತತ್ತ್ವಜ್ಞಾನಿ ಪೀಟರ್ ಗಾಡ್‌ಫ್ರೀ-ಸ್ಮಿತ್ 2009ರ ತಮ್ಮ ಪುಸ್ತಕದಲ್ಲಿ ಈ ಗೊಂದಲದೊಳಗೆ ದಾರಿ ಮಾಡಿಕೊಟ್ಟರು. ಒಂದು ಸಮೂಹ ಎಷ್ಟರ ಮಟ್ಟಿಗೆ ಒಂದು ಜೀವಿ ಎಂದು ಅಳೆಯಲು ಅವರು ಮೂರು ಸಂಗತಿ ನೋಡುತ್ತಾರೆ. ಹೊಸ ಪೀಳಿಗೆ ಒಂದೇ ಕೋಶದಂಥ ಕಿರಿದಾದ ಬಾಗಿಲಿನಿಂದ ಹಾದು ಬರುತ್ತದೆಯೇ? ಸಂತಾನದ ಕೆಲಸ ಕೆಲವು ಭಾಗಗಳಿಗೆ ಮಾತ್ರ ಮೀಸಲಾಗಿದೆಯೇ? ಭಾಗಗಳು ಕೆಲಸ ಹಂಚಿಕೊಂಡು ಒಂದನ್ನೊಂದು ಅವಲಂಬಿಸಿವೆಯೇ? ಆನೆಗೆ ಮೂರಕ್ಕೂ ಹೌದು. ಒಂದೇ ಭ್ರೂಣಕೋಶದಿಂದ ಬಂದ ಕಾರಣ ಅದರ ಕೋಶಗಳೆಲ್ಲ ಹತ್ತಿರದ ನೆಂಟರು, ಒಳಜಗಳಕ್ಕೆ ಕಾರಣ ಕಡಿಮೆ. ಯಕೃತ್ತಿನ ಕೋಶ ಎಷ್ಟೇ ದುಡಿದರೂ ಮರಿ ಆನೆಯಾಗಲಾರದು. ನಮ್ಮ ಅಮೀಬಗಳ ಹುಳುವಿಗೆ ಮೂರನೆಯದು ಬಹುಮಟ್ಟಿಗೆ ಹೌದು, ಎರಡನೆಯದು ಸ್ವಲ್ಪ, ಮೊದಲನೆಯದು ಇಲ್ಲ.

ಇಲ್ಲಿ ಉತ್ತರ ಹೌದು ಅಥವಾ ಅಲ್ಲ ಎಂದು ಬರುವುದಿಲ್ಲ, ಹೆಚ್ಚು ಕಡಿಮೆ ಎಂದು ಬರುತ್ತದೆ. ನಮ್ಮ ಹಳೆಯ ವಾದದಲ್ಲಿ ಎರಡೂ ಪಕ್ಷಗಳು ಬಿಟ್ಟದ್ದು ಇದನ್ನೇ ಎಂದು ನನಗೆ ಅನ್ನಿಸುತ್ತದೆ. ಅವಯವಿ ಇದೆಯೋ ಇಲ್ಲವೋ ಎಂದು ಕೇಳಿದರು. ಎಷ್ಟು ಇದೆ ಎಂದು ಕೇಳಲಿಲ್ಲ. ಜೀವಲೋಕದಲ್ಲಿ ಒಂದಾಗಿರುವುದು ಹುಟ್ಟಿನಿಂದ ಬಂದ ಆಸ್ತಿಯಲ್ಲ. ಬಿಡಿಯಾಗಿದ್ದವು ಕೂಡಿ, ವಿಕಾಸದ ದೀರ್ಘ ಕಾಲದಲ್ಲಿ ಗಳಿಸಿಕೊಂಡದ್ದು.

ಎಷ್ಟು ಎಂಬುದರ ವ್ಯತ್ಯಾಸ ಕೀಟಗಳಲ್ಲಿ ಚೆನ್ನಾಗಿ ಕಾಣುತ್ತದೆ. ಜೇನುಕುಟುಂಬ ಮೊಟ್ಟೆಮರಿಗಳಿರುವ ಎರಿಯನ್ನು ಸುಮಾರು 33ರಿಂದ 36 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕಾಪಾಡುತ್ತದೆ, ಬಿಸಿರಕ್ತದ ಪ್ರಾಣಿಯ ಹಾಗೆ. ಮೊಟ್ಟೆಯಿಡುವುದು ರಾಣಿಯ ಕೆಲಸ. ಕೆಲಸಗಾರ ನೊಣವೊಂದು ಕದ್ದು ಮೊಟ್ಟೆಯಿಟ್ಟರೆ ಉಳಿದ ಕೆಲಸಗಾರ ನೊಣಗಳೇ ಅದನ್ನು ತಿಂದುಬಿಡುತ್ತವೆ. ಕುಟುಂಬವೇ ಒಂದು ಜೀವಿ ಎಂಬ ಮಾತು ಇಲ್ಲಿ ಬಹಳ ದೂರ ನಿಲ್ಲುತ್ತದೆ. ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ಬೆಂಗಳೂರಿನಲ್ಲಿ ಅಭ್ಯಾಸ ಮಾಡಿದ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜದ ಕಥೆ ಬೇರೆ. ಗೂಡಿನಿಂದ ರಾಣಿಯನ್ನು ತೆಗೆದರೆ ಕೆಲಸಗಾರ ಕಣಜಗಳಲ್ಲೇ ಒಂದು ಕೂಡಲೇ ಆರ್ಭಟಿಸಲು ಶುರುಮಾಡಿ, ಕೆಲವು ದಿನಗಳಲ್ಲಿ ಮೊಟ್ಟೆಯಿಡುವ ಹೊಸ ರಾಣಿಯಾಗುತ್ತದೆ. ಸಂತಾನದ ಹಕ್ಕನ್ನು ಇಲ್ಲಿ ಕೆಲಸಗಾರರು ಬಿಟ್ಟುಕೊಟ್ಟಿಲ್ಲ, ಕಾಯ್ದಿರಿಸಿದ್ದಾರೆ ಅಷ್ಟೆ. ಕಣಜದ ಗೂಡೂ ಒಂದು, ಜೇನಿನ ಗೂಡೂ ಒಂದು. ಎರಡೂ ಒಂದೇ ಹದದಲ್ಲಿ ಒಂದಲ್ಲ.

ಇನ್ನು ನಮ್ಮ ಮೈಯನ್ನೇ ನೋಡೋಣ. ರಾನ್ ಸೆಂಡರ್, ಶಾಯ್ ಫುಕ್ಸ್, ರಾನ್ ಮಿಲೋ 2016ರಲ್ಲಿ ಮಾಡಿದ ಲೆಕ್ಕದ ಪ್ರಕಾರ 70 ಕಿಲೋ ತೂಕದ ವ್ಯಕ್ತಿಯಲ್ಲಿ ಸುಮಾರು 30 ಲಕ್ಷ ಕೋಟಿ ಮಾನವ ಕೋಶಗಳಿದ್ದರೆ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ ಇವೆ. ಆ ಬ್ಯಾಕ್ಟೀರಿಯಾಗಳ ಒಟ್ಟು ತೂಕ 200 ಗ್ರಾಂ ಆಸುಪಾಸು. ಇದಕ್ಕಿಂತ ಆಳವಾದದ್ದು ಮೈಟೋಕಾಂಡ್ರಿಯಾದ ಸಂಗತಿ. ಜೀವಕೋಶದ ಶಕ್ತಿಕೇಂದ್ರ ಎಂದು ಎಲ್ಲರೂ ಬರೆಯುತ್ತೇವೆ. ಅದು ಒಂದು ಕಾಲಕ್ಕೆ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಾ. 1967ರಲ್ಲಿ ಲಿನ್ ಮಾರ್ಗುಲಿಸ್ ಈ ವಾದವನ್ನು ಹೊಸದಾಗಿ ಮಂಡಿಸಿದಾಗ ಅನೇಕರು ತಲೆಯಾಡಿಸಲಿಲ್ಲ. ಇಂದು ಅದು ಪಠ್ಯದ ಭಾಗ. ಮೈಟೋಕಾಂಡ್ರಿಯಾಕ್ಕೆ ಇಂದಿಗೂ ತನ್ನದೇ ಡಿಎನ್‌ಎ ಇದೆ. ನಮ್ಮಲ್ಲಿ ಅದರಲ್ಲಿ ಉಳಿದಿರುವುದು 37 ವಂಶವಾಹಿಗಳು. ಉಳಿದವುಗಳಲ್ಲಿ ಬಹಳಷ್ಟನ್ನು ಅದು ಕಳೆದುಕೊಂಡಿದೆ ಅಥವಾ ಕೋಶಕೇಂದ್ರಕ್ಕೆ ಒಪ್ಪಿಸಿದೆ, ಹೊರಗೆ ಬಂದು ಬದುಕಲಾರದು. ಪಾಠದ ಸಾಲಿನಲ್ಲಿ ಎಲ್ಲಕ್ಕಿಂತ ಕೆಳಗೆ ಕೂತ ಜೀವಕೋಶವೂ ಹೀಗೆ ಒಂದು ಹಳೆಯ ಕೂಡಾವಳಿ.

ಗಳಿಸಿದ್ದನ್ನು ಕಳೆದುಕೊಳ್ಳಲೂಬಹುದು. ಕ್ಯಾನ್ಸರ್ ಎಂದರೆ ಅದೇ: ದೇಹದ ಕಟ್ಟಳೆಯನ್ನು ಮುರಿದು ತನ್ನ ಸಂತತಿಯನ್ನಷ್ಟೇ ಬೆಳೆಸುವ ಕೋಶಗಳು. ಸಾಮಾನ್ಯವಾಗಿ ರೋಗಿಯ ಜೊತೆಗೆ ಅವೂ ಸಾಯುತ್ತವೆ. ಆದರೆ ನಮ್ಮ ಬೀದಿನಾಯಿಗಳಲ್ಲಿ ಕಾಣುವ, ಕೂಡುವಾಗ ಒಂದರಿಂದ ಒಂದಕ್ಕೆ ಹರಡುವ ಜನನಾಂಗದ ಗಡ್ಡೆ ಹಾಗಲ್ಲ. ಅಲ್ಲಿ ದಾಟುವುದು ವೈರಸ್ಸಲ್ಲ, ಗಡ್ಡೆಯ ಜೀವಕೋಶಗಳೇ. ಸಾವಿರಾರು ವರ್ಷಗಳ ಹಿಂದೆ ಸತ್ತ ಒಂದೇ ನಾಯಿಯ ಕೋಶಗಳ ವಂಶ ಅದು, ಇಂದು ಹಲವು ಖಂಡಗಳ ನಾಯಿಗಳಲ್ಲಿ ಬದುಕಿದೆ. ಭಾಗವೊಂದು ಇಡಿಯಿಂದ ಕಳಚಿಕೊಂಡು ತಾನೇ ಪರಾವಲಂಬಿ ಜೀವಿಯಾಗಿಬಿಟ್ಟಿದೆ.

ಮರಗಳಲ್ಲಿ ಎಣಿಕೆಯೇ ತಪ್ಪುತ್ತದೆ. ಬೆಂಗಳೂರಿನ ಬಳಿ ಕೇತೋಹಳ್ಳಿಯ ದೊಡ್ಡ ಆಲದಮರ ಸುಮಾರು ಮೂರು ಎಕರೆ ಹರಡಿದೆ. ಅದರ ಮೂಲ ಬುಡ ರೋಗ ಬಂದು ಹೋಗಿ ಎರಡು ದಶಕ ದಾಟಿತು, ಬಿಳಲುಗಳು ಇಳಿದು ಆದ ಬುಡಗಳು ನಿಂತಿವೆ. ನೋಡುವವರಿಗೆ ತೋಪು, ಹುಟ್ಟಿನಲ್ಲಿ ಒಂದು ಮರ. ಇದಕ್ಕೆ ತದ್ವಿರುದ್ಧವಾಗಿ, ಪನಾಮಾದಲ್ಲಿ ಬೇರೆ ಮರವನ್ನು ಬಳಸಿ ಬೆಳೆಯುವ ಅತ್ತಿಯ ಜಾತಿಯ ಮರಗಳ ಕೊಂಬೆಗಳನ್ನು ಪರೀಕ್ಷಿಸಿದಾಗ, ಒಂದೇ ಎಂದು ಕಂಡ ಮರದಲ್ಲಿ ಬೇರೆ ಬೇರೆ ಬೀಜಗಳಿಂದ ಬಂದ ಹಲವು ಸಸಿಗಳು ಬೆಸೆದುಕೊಂಡಿದ್ದು 1991ರಲ್ಲಿ ವರದಿಯಾಯಿತು. ಅಡುಗೆಮನೆಯ ಮಸಾಲೆಗೆ ಹಾಕುವ ಕಲ್ಲುಹೂವು ಕೂಡ ಒಂದು ಗಿಡವಲ್ಲ. ಶಿಲೀಂಧ್ರ ಮತ್ತು ಪಾಚಿಯ ಜೋಡಿ.

ಈಗ ಕಾಡಿಗೆ ಬರೋಣ. ಅಮೆರಿಕದ ಫ್ರೆಡರಿಕ್ ಕ್ಲೆಮೆಂಟ್ಸ್ 1916ರಲ್ಲಿ, ಸಸ್ಯಸಮುದಾಯ ಒಂದು ಜೀವಿಯೇ, ಅದು ಹುಟ್ಟಿ ಬೆಳೆದು ಪ್ರೌಢವಾಗಿ ಸಾಯುತ್ತದೆ ಎಂದರು. ಹತ್ತು ವರ್ಷಗಳ ನಂತರ ಹೆನ್ರಿ ಗ್ಲೀಸನ್ ಅದನ್ನು ನಿರಾಕರಿಸಿದರು: ಒಂದೊಂದು ಜಾತಿಯ ಗಿಡವೂ ತನಗೆ ಹೊಂದುವ ಮಣ್ಣು ಹವೆ ಸಿಕ್ಕಲ್ಲಿ ಬೆಳೆಯುತ್ತದೆ, ಪಕ್ಕದಲ್ಲಿ ಯಾವುದಿದೆ ಎಂಬುದು ಬಹಳಮಟ್ಟಿಗೆ ಸಂಯೋಗ. ಆರ್ಥರ್ ಟಾನ್ಸ್ಲಿ 1935ರಲ್ಲಿ, ಕಾಡನ್ನು ಜೀವಿ ಎನ್ನುವುದಕ್ಕೆ ಬೇಸತ್ತೇ, ಮಣ್ಣು ನೀರು ಗಾಳಿಗಳನ್ನೂ ಸೇರಿಸಿಕೊಂಡ ‘ಇಕೋಸಿಸ್ಟಂ’ ಎಂಬ ಪರಿಕಲ್ಪನೆಯನ್ನು ಕೊಟ್ಟರು. ಮುಂದೆ ಮಾರ್ಗರೆಟ್ ಡೇವಿಸ್ ಕೆರೆಗಳ ಕೆಸರಿನಲ್ಲಿ ಉಳಿದ ಪರಾಗವನ್ನು ಓದಿ, ಹಿಮಯುಗ ಮುಗಿದ ಮೇಲೆ ಉತ್ತರ ಅಮೆರಿಕದ ಮರಗಳು ಒಟ್ಟಾಗಿ ಬಡಗಣಕ್ಕೆ ಸರಿಯಲಿಲ್ಲ, ಒಂದೊಂದು ಜಾತಿ ಒಂದೊಂದು ವೇಗದಲ್ಲಿ ಸರಿಯಿತು ಎಂದು ತೋರಿಸಿದರು. ಮೂರು ಅಳತೆಗಳಲ್ಲಿ ಮೊದಲೆರಡರಲ್ಲಿ ಕಾಡು ಸೋಲುತ್ತದೆ. ಕಾಡು ಮರಿ ಹಾಕುವುದಿಲ್ಲ, ಸಂತಾನಕ್ಕೆ ಮೀಸಲಾದ ಅಂಗವೂ ಅದಕ್ಕಿಲ್ಲ. ಕಾಡು ಅವಯವಿಯಲ್ಲ ಎಂದ ನಮ್ಮ ತಾರ್ಕಿಕರ ಮಾತನ್ನು ವಿಜ್ಞಾನ ಇಷ್ಟರ ಮಟ್ಟಿಗೆ ಎತ್ತಿಹಿಡಿದಿದೆ.

ಆದರೆ ಮೂರನೆಯ ಅಳತೆಯಲ್ಲಿ ಕಾಡು ಮರಳಿನ ರಾಶಿಯಲ್ಲ. ಪಶ್ಚಿಮ ಘಟ್ಟದಲ್ಲಿ ಒಂದು ಅತ್ತಿಮರವನ್ನು ಎಳೆಯಿರಿ. ಅದರ ಕಾಯಿಯೊಳಗೆ ಮಾತ್ರ ಮೊಟ್ಟೆಯಿಡುವ, ಅದಕ್ಕೆ ಮಾತ್ರ ಪರಾಗ ತರುವ ಪುಟ್ಟ ಕಣಜ ಬರುತ್ತದೆ. ಬೇರೆ ಮರಗಳಲ್ಲಿ ಹಣ್ಣಿಲ್ಲದ ತಿಂಗಳಲ್ಲಿ ಅದನ್ನು ನಂಬಿದ ಮಂಗಟ್ಟೆ ಬರುತ್ತದೆ, ಸಿಂಗಳೀಕ ಬರುತ್ತದೆ. ಮಂಗಟ್ಟೆ ನುಂಗಿ ದೂರ ಒಯ್ಯುವ ಬೀಜಗಳ ಮರಗಳೂ ಬರುತ್ತವೆ. ಎಲ್ಲವೂ ಬರುವುದಿಲ್ಲ; ಗ್ಲೀಸನ್ ಹೇಳಿದಂತೆ ಕೆಲವು ಗಿಡಗಳಿಗೆ ಏನೂ ಅನ್ನಿಸದು. ಎಷ್ಟು ಬರುತ್ತವೆ, ಎಲ್ಲಿಯವರೆಗೆ ಬರುತ್ತವೆ ಎಂದು ಕಂಡುಹಿಡಿಯುವುದೇ ಪರಿಸರ ವಿಜ್ಞಾನದ ನಿತ್ಯದ ಕೆಲಸ.

ಕಾಡನ್ನು ತಾಯಿ ಎಂದೋ ಒಂದು ಮಹಾಜೀವಿ ಎಂದೋ ಕರೆದರೆ ಮಾತ್ರ ಅದನ್ನು ಉಳಿಸಬಹುದು ಎಂದು ಅನೇಕರು ನಂಬಿದ್ದಾರೆ. ಆ ಭಾವನೆಗೆ ನನ್ನ ಗೌರವವಿದೆ, ಆದರೆ ವಾದಕ್ಕೆ ಅದು ಬೇಕಾಗಿಲ್ಲ. ಒಂದು ಜೀವಿಯಾಗಿರದೆಯೂ ಕಾಡಿಗೆ ಹಾನಿಯಾಗಬಲ್ಲದು, ಅದರಲ್ಲಿರುವ ನಂಟುಗಳು ಕಡಿಯಬಲ್ಲವು. ಅಣೆಕಟ್ಟಿಗೋ ಹೆದ್ದಾರಿಗೋ ಘಟ್ಟದ ಕಾಡನ್ನು ಕಡಿದು, ಪರಿಹಾರವಾಗಿ ಇನ್ನೆಲ್ಲೋ ಇಷ್ಟು ಸಸಿ ನೆಟ್ಟಿದ್ದೇವೆ ಎಂದು ಕೊಡುವ ಲೆಕ್ಕದಲ್ಲಿ ಕಾಡು ಎಂದರೆ ಮರಗಳ ಸಂಖ್ಯೆ. ಆ ಲೆಕ್ಕದಲ್ಲಿ ಕಣಜ ಇಲ್ಲ, ಮಂಗಟ್ಟೆ ಇಲ್ಲ, ಬೀಜ ಒಯ್ಯುವ ದಾರಿ ಇಲ್ಲ. ಅದು ಜೀವಶಾಸ್ತ್ರದ ಪ್ರಕಾರ ತಪ್ಪು ಲೆಕ್ಕ, ಹೈಸ್ಕೂಲಿನ ಪಾಠವನ್ನು ಗಮನವಿಟ್ಟು ಓದಿದ ಯಾರಾದರೂ ಅದನ್ನು ತಪ್ಪೆಂದು ಹೇಳಬಲ್ಲರು, ಹೇಳಬೇಕು.